ಬೊಜ್ಜು, ಬಿರುಸು, ಬಿಡುವು



ದೇಹಸಾಧನೆಯನ್ನು ಕುರಿತು ಸಾಹಿತ್ಯಾಭಿಮಾನಿಗಳ ಸಭೆಯೊಂದರಲ್ಲಿ ಉಪನ್ಯಾಸ ಮಾಡುವುದು ಉಚಿತವೆ ಎಂಬ ಶಂಕೆ ಯಾರಿಗಾದರೂ ಉದಿಸಿದ್ದಲ್ಲಿ, ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸುತ್ತ, ಅಂಗಸಾಧನೆಯ ಮೇಲೆ ಗ್ರಂಥಗಳನ್ನು ರಚಿಸುತ್ತ, ಅದೇ ಕೈಯಿಂದ ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನೂ ಬರೆದ ಕೆ. ವಿ. ಅಯ್ಯರ್ ಅವರನ್ನು ನೆನೆದ ಕ್ಷಣವೇ ಆ ಶಂಕೆ ನಿವೃತ್ತವಾಗಬೇಕು. ಶರೀರಕ್ರಿಯಾಶಾಸ್ತ್ರವನ್ನು ಬೋಧಿಸಿ ವಿಶ್ರಾಂತನಾಗಿರುವ ನನ್ನಂಥವನಿಗೆ ಬಂಧುಗಳು, ನೆರೆಹೊರೆಯವರು, ಹಿಂದಿನ ಶಿಷ್ಯರು ಮದುವೆಮನೆಯ ಪಂಕ್ತಿಯಲ್ಲಿ ಕುಳಿತೂ ಕೇಳುವ ಪ್ರಶ್ನೆ ಈಚೆಗೆ ಒಂದೇ ಆಗಿದೆ: ಬೊಜ್ಜು ಕರಗಬೇಕಾದರೆ ಜಿಮ್ಮಿನಲ್ಲಿ ‘ಹಿಟ್’ ಎನ್ನುತ್ತಾರಲ್ಲ, ಅದರಲ್ಲಿ ಯಾವ ಬಗೆಯದನ್ನು ಮಾಡಬೇಕು? ಹೈ ಇಂಟೆನ್ಸಿಟಿ ಇಂಟರ್ವಲ್ ಟ್ರೈನಿಂಗ್ ಎಂಬ ಉದ್ದನೆಯ ಹೆಸರಿನ ಈ ಪದ್ಧತಿಯಲ್ಲಿ ಬಿರುಸಾದ ಶ್ರಮದ ಒಂದು ಸರದಿ, ಅದರ ಹಿಂದೆಯೇ ಬಿಡುವಿನ ಅಥವಾ ಹಗುರ ಚಲನೆಯ ಇನ್ನೊಂದು ಸರದಿ, ಹೀಗೆ ಒಂದರ ಬೆನ್ನಿಗೊಂದು ನಡೆಯುತ್ತವೆ. ಸರದಿ ಎಷ್ಟು ಹೊತ್ತಿನದು, ಬಿರುಸು ಎಷ್ಟರದು, ಬಿಡುವು ಎಷ್ಟರದು ಎಂಬ ಮೂರು ಅಂಶಗಳ ಹೊಂದಾಣಿಕೆಯಿಂದ ಹತ್ತಾರು ಪ್ರಭೇದಗಳು ಹುಟ್ಟಿಕೊಂಡಿವೆ. ಯಾವುದನ್ನು ಆರಿಸಬೇಕೆಂಬ ಪ್ರಶ್ನೆಗೆ ಊಟದ ಎಲೆಯ ಮುಂದೆ ಕೊಡಲಾರದಷ್ಟು ದೀರ್ಘವಾದ ಉತ್ತರವನ್ನು ಇಲ್ಲಿ ಕೊಡುವ ಅವಕಾಶವನ್ನು ತಾವು ಕಲ್ಪಿಸಿದ್ದೀರಿ.

ಮೊದಲು ಈ ಪದ್ಧತಿಯ ಜನ್ಮವೃತ್ತಾಂತವನ್ನು ತಿಳಿಯುವುದು ಅವಶ್ಯಕ. ಏಕೆಂದರೆ ಅದು ಬೊಜ್ಜಿಗಾಗಿ ಹುಟ್ಟಿದುದೇ ಅಲ್ಲ. 1930ರ ದಶಕದಲ್ಲಿ ಜರ್ಮನಿಯಲ್ಲಿ ವೋಲ್ಡೆಮಾರ್ ಗೆರ್ಶ್ಲರ್ ಎಂಬ ತರಬೇತುದಾರನೂ ಹೆರ್ಬರ್ಟ್ ರೈಂಡೆಲ್ ಎಂಬ ಹೃದ್ರೋಗತಜ್ಞನೂ ಕೂಡಿ, ಓಟಗಾರನ ನಾಡಿಯನ್ನು ನಿಮಿಷಕ್ಕೆ 180ರ ಸುಮಾರಿಗೆ ಏರಿಸಿ, ಅದು 120ಕ್ಕೆ ಇಳಿಯುವವರೆಗೆ ಬಿಡುವು ಕೊಟ್ಟು, ಮತ್ತೆ ಓಡಿಸುವ ಕ್ರಮವೊಂದನ್ನು ರೂಪಿಸಿದರು. ಹೃದಯವು ಬಲಗೊಳ್ಳುವುದು ಓಟದಲ್ಲಿ ಎಂಬುದಕ್ಕಿಂತ ಹೆಚ್ಚಾಗಿ ಆ ಬಿಡುವಿನಲ್ಲಿ ಎಂಬುದು ಅವರ ನಂಬುಗೆಯಾಗಿತ್ತು. ಗೆರ್ಶ್ಲರನ ಶಿಷ್ಯ ರುಡಾಲ್ಫ್ ಹಾರ್ಬಿಗ್ 1939ರಲ್ಲಿ ಮಿಲಾನ್‌ನಲ್ಲಿ 800 ಮೀಟರುಗಳನ್ನು 1 ನಿಮಿಷ 46.6 ಸೆಕೆಂಡುಗಳಲ್ಲಿ ಓಡಿ ಸ್ಥಾಪಿಸಿದ ವಿಶ್ವದಾಖಲೆ 1955ರವರೆಗೂ ಅಳಿಯಲಿಲ್ಲ. ಮುಂದೆ ಚೆಕೊಸ್ಲೊವಾಕಿಯಾದ ಎಮಿಲ್ ಜಾಟೋಪೆಕ್ 400 ಮೀಟರುಗಳ ಓಟವನ್ನು ದಿನದಿನವೂ ಲೆಕ್ಕ ತಪ್ಪುವಷ್ಟು ಸಲ ಆವರ್ತಿಸಿ, 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ 5,000 ಮೀಟರು, 10,000 ಮೀಟರು ಮತ್ತು ಮ್ಯಾರಥಾನ್ ಮೂರನ್ನೂ ಗೆದ್ದ. ಇವರಾರೂ ಸೊಂಟದ ಸುತ್ತಳತೆಯನ್ನು ಇಳಿಸಿಕೊಳ್ಳಲು ಓಡಿದವರಲ್ಲ. ಇಳಿಸಿಕೊಳ್ಳುವಷ್ಟು ಸೊಂಟವೇ ಅವರಿಗಿರಲಿಲ್ಲ.

ಇಂದಿನ ಜಿಮ್ಮುಗಳ ಗೋಡೆಗಳ ಮೇಲೆ ಬೇರಾವ ವಿಜ್ಞಾನಿಯ ಹೆಸರೂ ಪಡೆಯದ ಸ್ಥಾನವನ್ನು ಪಡೆದಿರುವುದು ಜಪಾನಿನ ಇಜುಮಿ ತಬಾಟಾ ಅವರ ಹೆಸರು. ಇಪ್ಪತ್ತು ಸೆಕೆಂಡು ಶ್ರಮ, ಹತ್ತು ಸೆಕೆಂಡು ಬಿಡುವು, ಎಂಟು ಆವರ್ತನೆ, ಒಟ್ಟು ನಾಲ್ಕು ನಿಮಿಷ. ಇಷ್ಟು ಮಾಡಿದರೆ ಒಂದು ಗಂಟೆಯ ವ್ಯಾಯಾಮಕ್ಕೆ ಸಮ, ಬೊಜ್ಜು ನೀರಾಗಿ ಹರಿಯುತ್ತದೆ ಎಂಬುದು ಪ್ರಚಾರದ ಸಾರ. ಮೂಲ ಪ್ರಯೋಗವನ್ನು ಓದಿದವರಿಗೆ ಕಾಣುವ ಚಿತ್ರ ಬೇರೆ. ಜಪಾನಿನ ಸ್ಪೀಡ್ ಸ್ಕೇಟಿಂಗ್ ತಂಡದ ತರಬೇತುದಾರರು ಬಳಸುತ್ತಿದ್ದ ಕ್ರಮವನ್ನು ಪರೀಕ್ಷಿಸಲೆಂದು ತಬಾಟಾ ಮತ್ತು ಸಂಗಡಿಗರು ನಡೆಸಿ 1996ರಲ್ಲಿ ಪ್ರಕಟಿಸಿದ ಆ ಅಧ್ಯಯನದಲ್ಲಿ ಪಾಲ್ಗೊಂಡವರು ದೈಹಿಕ ಶಿಕ್ಷಣವನ್ನು ವ್ಯಾಸಂಗ ಮಾಡುತ್ತಿದ್ದ ಯುವಕರು. ಒಂದು ಗುಂಪು ಆರು ವಾರಗಳ ಕಾಲ, ವಾರಕ್ಕೆ ಐದು ದಿನ, ದಿನಕ್ಕೆ ಒಂದು ಗಂಟೆ, ದೇಹವು ಹೀರಬಲ್ಲ ಗರಿಷ್ಠ ಆಮ್ಲಜನಕದ ಶೇಕಡ 70ರ ಮಟ್ಟದಲ್ಲಿ ಸ್ಥಿರ ಸೈಕಲನ್ನು ತುಳಿಯಿತು. ಇನ್ನೊಂದು ಗುಂಪು ಶೇಕಡ 170ರ ಬಿರುಸಿನಲ್ಲಿ, ಎಂದರೆ ಗರಿಷ್ಠ ಆಮ್ಲಜನಕ ಸೇವನೆಯಿಂದ ನಡೆಯಬಹುದಾದ ಕೆಲಸಕ್ಕಿಂತ ಎಷ್ಟೋ ಮಿಗಿಲಾದ ಭಾರದಲ್ಲಿ, ಏಳೆಂಟು ಆವರ್ತನೆಗಳಲ್ಲಿ ತುಳಿದು ನಿತ್ರಾಣವಾಗುವವರೆಗೆ ಶ್ರಮಿಸಿತು. ಗರಿಷ್ಠ ಆಮ್ಲಜನಕ ಸೇವನೆ ಮೊದಲ ಗುಂಪಿನಲ್ಲಿ ಕಿಲೋಗ್ರಾಂ ದೇಹತೂಕಕ್ಕೆ ನಿಮಿಷಕ್ಕೆ 5 ಮಿಲಿಲೀಟರಿನಷ್ಟೂ ಎರಡನೆಯದರಲ್ಲಿ 7 ಮಿಲಿಲೀಟರಿನಷ್ಟೂ ಹೆಚ್ಚಿತು. ಆಮ್ಲಜನಕದ ನೆರವಿಲ್ಲದೆ ದುಡಿಯುವ ಶಕ್ತಿಯೂ ಎರಡನೆಯ ಗುಂಪಿನಲ್ಲಿ ಶೇಕಡ 28ರಷ್ಟು ವೃದ್ಧಿಸಿತು. ಶ್ಲಾಘ್ಯವಾದ ಫಲಿತಾಂಶವೇ ಸರಿ. ಆದರೆ ಆ ಪ್ರಬಂಧ ತನ್ನ ಮುಂದಿಟ್ಟುಕೊಂಡ ಪ್ರಶ್ನೆಗಳಲ್ಲಿ ಬೊಜ್ಜು ಇರಲೇ ಇಲ್ಲ. ಐವತ್ತು ವರ್ಷದ ಗುಮಾಸ್ತರೊಬ್ಬರು ಕಚೇರಿಯಿಂದ ಬಂದು ನಾಲ್ಕು ನಿಮಿಷ ಕುಳಿತೆದ್ದು ಹಾರುವ ಬರ್ಪೀ ಮಾಡುವುದಕ್ಕೂ ಆ ಪ್ರಯೋಗಕ್ಕೂ ಇರುವ ಸಂಬಂಧ ಗಡಿಯಾರದ್ದು ಮಾತ್ರ.

ಹಾಗಾದರೆ ಬೊಜ್ಜಿನ ಮಾತು ಎಲ್ಲಿಂದ ಬಂದಿತು? ಕೆನಡಾದ ಕ್ವಿಬೆಕ್‌ನ ಲಾವಾಲ್ ವಿಶ್ವವಿದ್ಯಾನಿಲಯದ ಆಂಜೆಲೊ ಟ್ರೆಂಬ್ಲೆ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಿಂದ. ಒಂದು ಗುಂಪು ಇಪ್ಪತ್ತು ವಾರ ಏಕಸಮನಾದ ವ್ಯಾಯಾಮ ಮಾಡಿತು, ಇನ್ನೊಂದು ಹದಿನೈದು ವಾರ ಸರದಿಯ ಬಿರುಸು ವ್ಯಾಯಾಮ ಮಾಡಿತು. ಎರಡನೆಯವರು ವ್ಯಯಿಸಿದ ಶಕ್ತಿ ಮೊದಲಿನವರದರ ಅರ್ಧಕ್ಕಿಂತಲೂ ಕಡಿಮೆ. ಆದರೂ ಚರ್ಮದ ಮಡಿಕೆಯನ್ನು ಇಕ್ಕಳದಂಥ ಸಾಧನದಿಂದ ಹಿಡಿದು ಅಳೆದಾಗ ಅವರಲ್ಲೇ ಮಡಿಕೆಗಳು ಹೆಚ್ಚು ತೆಳುವಾಗಿದ್ದವು. ಆ ಇಳಿಕೆಯನ್ನು ವ್ಯಯವಾದ ಶಕ್ತಿಯಿಂದ ಭಾಗಿಸಿದಾಗ ಲಭಿಸಿದ ‘ಒಂಬತ್ತು ಪಟ್ಟು’ ಎಂಬ ಸಂಖ್ಯೆ ಮೂಲದ ಪರಿಸರವನ್ನು ಕಳಚಿಕೊಂಡು ಇಡೀ ಲೋಕವನ್ನು ಸುತ್ತಿತು. ಪಾಲ್ಗೊಂಡವರು ಯುವಜನರು, ದೇಹದ ತೂಕದಲ್ಲಿ ಗಣನೀಯ ವ್ಯತ್ಯಾಸ ಆಗಲಿಲ್ಲ, ಅಳೆದುದು ಚರ್ಮದ ಕೆಳಗಿನ ಮೇದಸ್ಸನ್ನೇ ಹೊರತು ಹೊಟ್ಟೆಯೊಳಗಿನದನ್ನಲ್ಲ ಎಂಬ ಸಂಗತಿಗಳು ಅದರೊಡನೆ ಸಂಚರಿಸಲಿಲ್ಲ. ಭಾಗಾಕಾರದಿಂದ ಹುಟ್ಟಿದ ಸಂಖ್ಯೆಗಳನ್ನು ಕಂಡಾಗ ಭಾಜಕ ಯಾವುದೆಂದು ಕೇಳುವ ಅಭ್ಯಾಸ ನಮ್ಮ ವಿದ್ಯಾರ್ಥಿಗಳಿಗೆ ಇನ್ನೂ ಬಂದಿಲ್ಲವೆಂಬುದು ನನ್ನ ಹಳೆಯ ದೂರು.

ಇದರ ಬಳಿಕ ಸಿಡ್ನಿಯಲ್ಲಿ ಸ್ಟೀಫನ್ ಬೌಚರ್ ಅವರ ತಂಡವು ಯುವತಿಯರ ಮೇಲೆ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನಷ್ಟು ಉತ್ಸಾಹವನ್ನು ತುಂಬಿತು: ಎಂಟು ಸೆಕೆಂಡು ಬಿರುಸು, ಹನ್ನೆರಡು ಸೆಕೆಂಡು ಹಗುರ, ಹೀಗೆ ಇಪ್ಪತ್ತು ನಿಮಿಷ, ವಾರಕ್ಕೆ ಮೂರು ಸಲ ಸೈಕಲ್ ತುಳಿದವರು ಹದಿನೈದು ವಾರಗಳಲ್ಲಿ ಸರಾಸರಿ ಎರಡೂವರೆ ಕಿಲೋಗ್ರಾಂ ಮೇದಸ್ಸನ್ನು ಕಳೆದುಕೊಂಡರು, ಏಕಸಮನಾಗಿ ತುಳಿದವರು ಕಳೆದುಕೊಳ್ಳಲಿಲ್ಲ. ಆದರೆ ವಿಜ್ಞಾನದಲ್ಲಿ ಒಂದು ಪ್ರಯೋಗದ ಫಲವು ಒಂದು ಸಾಕ್ಷಿಯ ಹೇಳಿಕೆಯೇ ಹೊರತು ತೀರ್ಪಲ್ಲ. 2017ರಲ್ಲಿ ಇಂಥ ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ ವಿಮರ್ಶಿಸಿದ ಎರಡು ಸಮೀಕ್ಷೆಗಳು, ಬಿರುಸಿನ ಸರದಿ ವ್ಯಾಯಾಮವೂ ಮಧ್ಯಮ ಗತಿಯ ಅವಿಚ್ಛಿನ್ನ ವ್ಯಾಯಾಮವೂ ದೇಹದ ಮೇದಸ್ಸನ್ನು ತಗ್ಗಿಸುವುದರಲ್ಲಿ ಹೆಚ್ಚುಕಡಿಮೆ ಸಮಾನವೆಂದೇ ಕಂಡುಕೊಂಡವು. ಅವುಗಳಲ್ಲೊಂದರ ಪ್ರಕಾರ ಮೊದಲನೆಯದಕ್ಕೆ ಸುಮಾರು ಶೇಕಡ 40ರಷ್ಟು ಕಡಿಮೆ ಕಾಲ ಸಾಕು. 2019ರ ಇನ್ನೊಂದು ಸಮೀಕ್ಷೆ ಸರದಿ ವ್ಯಾಯಾಮಕ್ಕೆ ತುಸು ಮೇಲುಗೈಯನ್ನು ಕೊಟ್ಟಿತಾದರೂ, ಕಿಲೋಗ್ರಾಮುಗಳಲ್ಲಿ ಹೇಳುವುದಾದರೆ ಆ ಅಂತರ ಕಿಂಚಿತ್ತಿನದು. ನನ್ನ ಅಭಿಪ್ರಾಯವನ್ನು ಇಲ್ಲಿಯೇ ತಿಳಿಸಿಬಿಡುತ್ತೇನೆ: ಬೊಜ್ಜನ್ನು ಕರಗಿಸುವ ವಿಶೇಷವಾದ ಯಾವ ಮಂತ್ರಶಕ್ತಿಯೂ ಈ ಪದ್ಧತಿಯಲ್ಲಿಲ್ಲ, ಅದು ಉಳಿಸಿಕೊಡುವುದು ಕಾಲವನ್ನು, ಬೆಳೆಸುವುದು ಹೃದಯದ ಮತ್ತು ಶ್ವಾಸಕೋಶಗಳ ಸಾಮರ್ಥ್ಯವನ್ನು.

‘ವ್ಯಾಯಾಮ ಮುಗಿದ ಮೇಲೂ ಇಪ್ಪತ್ತನಾಲ್ಕು ಗಂಟೆ ಕೊಬ್ಬು ಉರಿಯುತ್ತಲೇ ಇರುತ್ತದೆ’ ಎಂಬ ವಾದವನ್ನು ತಾವೆಲ್ಲರೂ ಕೇಳಿದ್ದೀರಿ. ಬಿರುಸಾದ ಶ್ರಮದ ತರುವಾಯ ದೇಹವು ಕೆಲಕಾಲ ವಿಶ್ರಾಂತಿಯ ಮಟ್ಟಕ್ಕಿಂತ ಹೆಚ್ಚು ಆಮ್ಲಜನಕವನ್ನು ಸೇವಿಸುತ್ತದೆ ಎಂಬುದು ನಿಜ. ಸ್ನಾಯುಗಳಲ್ಲಿ ಬರಿದಾದ ಸಂಗ್ರಹವನ್ನು ತುಂಬಬೇಕು, ಏರಿದ ತಾಪವನ್ನು ಇಳಿಸಬೇಕು, ರಕ್ತದಲ್ಲಿ ಸೇರಿದ ಲ್ಯಾಕ್ಟೇಟನ್ನು ತೆರವು ಮಾಡಬೇಕು. ಆದರೆ ಈ ವಿಷಯದ ಮೇಲಿನ ಸಂಶೋಧನೆಗಳನ್ನು 2006ರಲ್ಲಿ ಪರಾಮರ್ಶಿಸಿದವರು ಈ ಹೆಚ್ಚುವರಿ ವ್ಯಯವು ವ್ಯಾಯಾಮದ ಒಟ್ಟು ವೆಚ್ಚದ ಶೇಕಡ 6ರಿಂದ 15ರಷ್ಟು ಮಾತ್ರವೆಂದು ಲೆಕ್ಕ ಹಾಕಿದ್ದಾರೆ. ಒಲೆಯನ್ನು ಆರಿಸಿದ ಮೇಲೂ ಕಾವಲಿ ಬಿಸಿಯಾಗಿರುವುದುಂಟು. ಆ ಬಿಸಿಯಲ್ಲಿ ಮತ್ತೊಂದು ರೊಟ್ಟಿ ಬೇಯುವುದಿಲ್ಲ.

ಲೆಕ್ಕದ ಮಾತು ಬಂದುದರಿಂದ ಅದನ್ನು ಪೂರ್ತಿ ಮಾಡುವೆನು. ಎಪ್ಪತ್ತು ಕಿಲೋಗ್ರಾಂ ತೂಗುವ ವ್ಯಕ್ತಿ ಬಿಡುವನ್ನೂ ಸೇರಿಸಿ ಇಪ್ಪತ್ತು ನಿಮಿಷ ಈ ವ್ಯಾಯಾಮವನ್ನು ಮಾಡಿದರೆ ವ್ಯಯವಾಗುವುದು ಸುಮಾರು 200ರಿಂದ 250 ಕಿಲೋಕ್ಯಾಲೊರಿ. ಕೊಬ್ಬಿನ ಪ್ರತಿ ಗ್ರಾಮಿನಲ್ಲಿ 9 ಕಿಲೋಕ್ಯಾಲೊರಿ ಇರುವುದರಿಂದ ಇದು 25 ಗ್ರಾಂ ತುಪ್ಪಕ್ಕೆ ಸಮ. ಹೋಳಿಗೆಯ ಮೇಲೆ ಗೃಹಿಣಿ ಪ್ರೀತಿಯಿಂದ ಎರಡು ಬಾರಿ ಸುರಿಯುವ ತುಪ್ಪ ಅದಕ್ಕಿಂತ ಕಡಿಮೆಯಿರಲಾರದು, ಹೋಳಿಗೆಯ ಲೆಕ್ಕ ಬೇರೆ. ದೇಹದಲ್ಲಿ ಶೇಖರವಾದ ಒಂದು ಕಿಲೋಗ್ರಾಂ ಬೊಜ್ಜು ಸುಮಾರು 7,700 ಕಿಲೋಕ್ಯಾಲೊರಿಗಳ ನಿಧಿ. ಊಟದಲ್ಲಿ ಏನನ್ನೂ ಬದಲಿಸದೆ, ವಾರಕ್ಕೆ ಮೂರು ಸಲ ತಪ್ಪದೆ ಶ್ರಮಿಸಿದವನಿಗೆ ಒಂದು ಕಿಲೋಗ್ರಾಮನ್ನು ಕಳೆಯಲು ಹೆಚ್ಚುಕಡಿಮೆ ಮೂರು ತಿಂಗಳು ಬೇಕಾದೀತು, ಅದೂ ಶ್ರಮದಿಂದ ಹೆಚ್ಚಿದ ಹಸಿವಿಗೆ ಅವನು ಮಣಿಯದಿದ್ದರೆ. ಬೊಜ್ಜಿನ ವಿಷಯದಲ್ಲಿ ಅಡುಗೆಮನೆ ಪ್ರಧಾನ, ಜಿಮ್ ಸಹಾಯಕ. ಈ ಕ್ರಮವನ್ನು ತಿರುಗಾಮುರುಗಾ ಮಾಡಿದವರೇ ಬೇಗ ನಿರಾಶರಾಗುವವರು.

ಆದರೂ ನಮ್ಮವರಿಗೆ ಈ ವಿಷಯ ವಿಶೇಷವಾಗಿ ಅನ್ವಯಿಸುವುದಕ್ಕೆ ಕಾರಣವುಂಟು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ತಮ್ಮಿಬ್ಬರದೇ ಭಾವಚಿತ್ರವನ್ನು 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಕ್ಕಪಕ್ಕ ಪ್ರಕಟಿಸಿದರು: ಎತ್ತರ ತೂಕಗಳಿಂದ ಗಣಿಸುವ ದೇಹತೂಕದ ಸೂಚ್ಯಂಕ ಇಬ್ಬರಲ್ಲೂ 22.3, ಆದರೆ ದೇಹದಲ್ಲಿನ ಮೇದಸ್ಸು ಯುಡ್ಕಿನ್ನರಲ್ಲಿ ಶೇಕಡ 9.1, ಯಾಜ್ಞಿಕರಲ್ಲಿ ಶೇಕಡ 21.2. ತೆಳ್ಳಗೆ ಕಾಣುವ ಭಾರತೀಯನ ಒಳಗೆ ಬೊಜ್ಜು ಅವಿತಿರಬಲ್ಲದು, ಅದೂ ಮುಖ್ಯವಾಗಿ ಉದರದಲ್ಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ರಾಷ್ಟ್ರವ್ಯಾಪಿ ಸಮೀಕ್ಷೆಯ 2023ರ ವರದಿಯಲ್ಲಿ ವಯಸ್ಕರ ಪೈಕಿ ಶೇಕಡ 39.5ರಷ್ಟು ಜನರಲ್ಲಿ ಉದರದ ಬೊಜ್ಜು ಕಂಡುಬಂದಿದೆ. ಆದಕಾರಣ ತಕ್ಕಡಿಗಿಂತ ಟೇಪು ನಮಗೆ ಹೆಚ್ಚು ಸತ್ಯವನ್ನು ಹೇಳುತ್ತದೆ: ಸೊಂಟದ ಸುತ್ತಳತೆ ಪುರುಷರಲ್ಲಿ 90 ಸೆಂಟಿಮೀಟರು, ಸ್ತ್ರೀಯರಲ್ಲಿ 80 ಸೆಂಟಿಮೀಟರು ಮೀರಿದಾಗ ಎಚ್ಚೆತ್ತುಕೊಳ್ಳಬೇಕು.

ಇನ್ನು ಪದ್ಧತಿಯ ನಿಜವಾದ ಗುಣದ ವಿಚಾರ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಮಾರ್ಟಿನ್ ಗಿಬಾಲಾ ಅವರ ತಂಡ, ವ್ಯಾಯಾಮದ ಅಭ್ಯಾಸವೇ ಇಲ್ಲದ ಪುರುಷರಲ್ಲಿ ಒಂದು ಗುಂಪಿಗೆ ನಲವತ್ತೈದು ನಿಮಿಷದ ಏಕಸಮ ಸೈಕಲ್ ಸವಾರಿಯನ್ನೂ, ಇನ್ನೊಂದಕ್ಕೆ ಸರ್ವಶಕ್ತಿಯಿಂದ ಇಪ್ಪತ್ತು ಸೆಕೆಂಡಿನ ಮೂರು ಬಿರುಸುಗಳನ್ನು ಒಳಗೊಂಡ ಒಟ್ಟು ಹತ್ತೇ ನಿಮಿಷದ ಸವಾರಿಯನ್ನೂ ವಿಧಿಸಿ, ಹನ್ನೆರಡು ವಾರಗಳ ಕೊನೆಯಲ್ಲಿ ಪರೀಕ್ಷಿಸಿದಾಗ, ಗರಿಷ್ಠ ಆಮ್ಲಜನಕ ಸೇವನೆ ಎರಡೂ ಗುಂಪುಗಳಲ್ಲಿ ಶೇಕಡ 19ರಷ್ಟು ಹೆಚ್ಚಿತ್ತೆಂದು 2016ರಲ್ಲಿ ವರದಿ ಮಾಡಿತು. ನಾರ್ವೆಯ ಟ್ರೋಂಡ್‌ಹೈಮ್ ನಗರದ ಸಂಶೋಧಕರು ಇದಕ್ಕಿಂತ ಸಾವಧಾನದ ಮಾರ್ಗವನ್ನು ಹಿಡಿದರು: ಗರಿಷ್ಠ ನಾಡಿಯ ಶೇಕಡ 90ರಿಂದ 95ರಲ್ಲಿ ನಾಲ್ಕು ನಿಮಿಷ, ನಡುವೆ ಹಗುರವಾಗಿ ಮೂರು ನಿಮಿಷ, ಇಂಥ ನಾಲ್ಕು ಸರದಿ. ಉಲ್ರಿಕ್ ವಿಸ್ಲೋಫ್ ಮತ್ತು ಸಂಗಡಿಗರು 2007ರಲ್ಲಿ ಇದೇ ಕ್ರಮವನ್ನು ಹೃದಯದೌರ್ಬಲ್ಯದ ವೃದ್ಧರೋಗಿಗಳಲ್ಲಿ, ವೈದ್ಯರ ಕಣ್ಗಾವಲಿನಲ್ಲಿ, ಪ್ರಯೋಗಿಸಿ ಉತ್ತಮ ಫಲವನ್ನು ಪಡೆದರು.

ಅಪಾಯದ ಪ್ರಶ್ನೆಯನ್ನು ನಮ್ಮ ನಾಡಿನಲ್ಲಿ ಉಪೇಕ್ಷಿಸುವಂತಿಲ್ಲ. 2021ರ ಅಕ್ಟೋಬರ್ 29ರಂದು ಚಿತ್ರನಟ ಪುನೀತ್ ರಾಜ್‌ಕುಮಾರ್ ಅವರು ತಮ್ಮ 46ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ಅಗಲಿದಾಗ, ಶೋಕದ ಜೊತೆಗೆ ಭೀತಿಯೂ ಮನೆಮನೆಯನ್ನು ಹೊಕ್ಕು, ಹೃದಯದ ಆಸ್ಪತ್ರೆಗಳಲ್ಲಿ ತಪಾಸಣೆಗೆ ಜನರು ಸಾಲುಗಟ್ಟಿದರು. ‘ಜಿಮ್ಮೇ ಬೇಡ’ ಎಂದು ಮಕ್ಕಳನ್ನು ತಡೆದ ತಾಯಂದಿರನ್ನು ನಾನು ಬಲ್ಲೆ. ಒಬ್ಬರ ಮರಣದಿಂದ ಸಾರ್ವತ್ರಿಕ ನಿಯಮವನ್ನು ಎಳೆಯುವುದು ಆ ಹಿರಿಯ ಚೇತನಕ್ಕೂ ಶಾಸ್ತ್ರಕ್ಕೂ ನ್ಯಾಯವಾಗದು. ಅಮೆರಿಕದ ಪುರುಷವೈದ್ಯರನ್ನು ಹನ್ನೆರಡು ವರ್ಷ ಗಮನಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿರುಸಿನ ಶ್ರಮದ 15.1 ಲಕ್ಷ ಸಂದರ್ಭಗಳಿಗೆ ಒಂದರಂತೆ ಹಠಾತ್ ಮರಣ ಸಂಭವಿಸಿತ್ತು. ಶ್ರಮದ ವೇಳೆಯಲ್ಲಿಯೂ ಅನಂತರದ ಅರ್ಧ ಗಂಟೆಯಲ್ಲಿಯೂ ಅಪಾಯವು ಅನೇಕ ಪಟ್ಟು ಏರುವುದು ದಿಟ; ಆದರೆ ಏರಿಕೆ ಎಂದೋ ಒಮ್ಮೆ ದೇಹದಂಡನೆ ಮಾಡುವವರಲ್ಲಿ ಅತ್ಯಧಿಕ, ನಿತ್ಯಾಭ್ಯಾಸಿಗಳಲ್ಲಿ ಬಹಳ ಕಡಿಮೆ. ನಾರ್ವೆಯ ಪುನಶ್ಚೇತನ ಕೇಂದ್ರಗಳಲ್ಲಿ 4,846 ಹೃದ್ರೋಗಿಗಳ ಅನುಭವವನ್ನು ಕ್ರೋಡೀಕರಿಸಿದ 2012ರ ವರದಿಯಲ್ಲಿ, ಮಧ್ಯಮ ವ್ಯಾಯಾಮದ 1,29,456 ಗಂಟೆಗಳಲ್ಲಿ ಒಂದು ಮಾರಕ ಹೃದಯಸ್ತಂಭನವೂ, ಬಿರುಸಿನ 46,364 ಗಂಟೆಗಳಲ್ಲಿ ಮಾರಕವಲ್ಲದ ಎರಡು ಹೃದಯಸ್ತಂಭನಗಳೂ ಘಟಿಸಿದ್ದವು. ಈ ಅಂಕಿಗಳು ಹೆದರಿ ಓಡಬೇಕೆನ್ನುವುದಿಲ್ಲ. ಆದರೆ ಹತ್ತು ವರ್ಷ ಕುರ್ಚಿ ಬಿಡದವನು ಒಂದು ಸೋಮವಾರ ಬೆಳಿಗ್ಗೆ ಎದ್ದು ಸರ್ವಶಕ್ತಿಯ ಓಟಕ್ಕೆ ಇಳಿಯುವುದು ಅವಿವೇಕವೆಂದು ಸ್ಪಷ್ಟವಾಗಿ ಹೇಳುತ್ತವೆ.

ಸುಶ್ರುತನೂ ವಾಗ್ಭಟನೂ ವ್ಯಾಯಾಮವನ್ನು ಅರ್ಧಶಕ್ತಿಯವರೆಗೆ ಮಾಡಬೇಕೆಂದು ವಿಧಿಸಿದ್ದು ಇಲ್ಲಿ ನೆನಪಾಗುತ್ತದೆ. ಎದೆಯ ಉಸಿರು ಬಾಯಿಗೆ ಬರುವುದನ್ನು ಆ ಅರ್ಧಬಲದ ಲಕ್ಷಣವೆಂದು ಪ್ರಾಚೀನರು ಗುರುತಿಸಿದ್ದಾರೆ. ಇಂದಿನ ಸಂಶೋಧನೆಯೆಲ್ಲ ಅಂದೇ ತಿಳಿದಿತ್ತೆಂದು ಎದೆ ತಟ್ಟಿಕೊಳ್ಳುವ ಜಾತಿಯವನು ನಾನಲ್ಲ. ಆದರೆ ಯಂತ್ರವಿಲ್ಲದೆ ಶ್ರಮದ ಮಟ್ಟವನ್ನು ಅಳೆಯುವುದಕ್ಕೆ ಉಸಿರನ್ನು ಆಶ್ರಯಿಸಿದ್ದು ಒಳ್ಳೆಯ ವೀಕ್ಷಣೆಯೆಂದು ಒಪ್ಪಲೇಬೇಕು. ಇಂದಿಗೂ ಸಾಮಾನ್ಯನಿಗೆ ಅದೇ ಮಾಪನ ಸಾಕು: ಸರಾಗವಾಗಿ ಮಾತಾಡಬಲ್ಲಿರಾದರೆ ಹಗುರ, ತುಂಡು ತುಂಡು ವಾಕ್ಯ ಮಾತ್ರ ಬರುವುದಾದರೆ ಮಧ್ಯಮವನ್ನು ದಾಟುತ್ತಿದ್ದೀರಿ, ಒಂದೆರಡು ಪದಕ್ಕಿಂತ ಹೆಚ್ಚು ಹೊರಡದಿದ್ದರೆ ಬಿರುಸು. ವಯಸ್ಸನ್ನು 220ರಿಂದ ಕಳೆದು ಗರಿಷ್ಠ ನಾಡಿಯನ್ನು ಕಂಡುಹಿಡಿಯುವ ಸೂತ್ರ ವ್ಯಕ್ತಿವ್ಯಕ್ತಿಗೆ ಹತ್ತು ಹನ್ನೆರಡು ಬಡಿತ ತಪ್ಪಬಹುದಾದ ಸ್ಥೂಲ ಗಣನೆಯಾದುದರಿಂದ, ಕೈಗಡಿಯಾರ ತೋರಿಸುವ ಅಂಕಿಗೆ ಪ್ರಮಾಣವಾಕ್ಯದ ಗೌರವ ಸಲ್ಲದು. ರಕ್ತದೊತ್ತಡಕ್ಕಾಗಿ, ನಾಡಿಯನ್ನೂ ತಗ್ಗಿಸುವ ಬೀಟಾ ತಡೆ ಮಾತ್ರೆಗಳನ್ನು ಸೇವಿಸುವವರಿಗಂತೂ ಆ ಸೂತ್ರ ನಿರುಪಯೋಗಿ.

ಆಯ್ಕೆಯ ವಿಷಯದಲ್ಲಿ ನನ್ನ ನಿಲುವು ಹೀಗಿದೆ. ಜಪಾನಿನ ಮತ್ಸುಮೊಟೊ ನಗರದ ಶಿನ್ಶು ವಿಶ್ವವಿದ್ಯಾನಿಲಯದಲ್ಲಿ ಹಿರೋಶಿ ನೋಸೆ ಮತ್ತು ಸಂಗಡಿಗರು ಮಧ್ಯವಯಸ್ಕರಿಗೂ ವೃದ್ಧರಿಗೂ ರೂಪಿಸಿ, ಐದು ತಿಂಗಳ ಪರೀಕ್ಷೆಯ ಫಲವನ್ನು 2007ರಲ್ಲಿ ಪ್ರಕಟಿಸಿದ ಸರದಿ ನಡಿಗೆಯೇ ನಮ್ಮಲ್ಲಿ ಬಹುಮಂದಿಗೆ ಮೊದಲ ಮೆಟ್ಟಿಲಾಗಬೇಕು: ಮೂರು ನಿಮಿಷ ಬಿರುಸಿನ ನಡೆ, ಮೂರು ನಿಮಿಷ ನಿಧಾನದ ನಡೆ, ಹೀಗೆ ಐದು ಸಲ, ವಾರಕ್ಕೆ ನಾಲ್ಕು ದಿನ. ಡೆನ್ಮಾರ್ಕಿನ ಸಂಶೋಧಕರು 2013ರಲ್ಲಿ ಇದೇ ಕ್ರಮವನ್ನು ಎರಡನೆಯ ಬಗೆಯ ಮಧುಮೇಹಿಗಳಲ್ಲಿ ಪರೀಕ್ಷಿಸಿದಾಗ, ಸಮಾನ ಶಕ್ತಿವ್ಯಯದ ಏಕಸಮ ನಡಿಗೆಯಲ್ಲಿ ಇಳಿಯದ ತೂಕವೂ ಉದರದ ಬೊಜ್ಜೂ ಸರದಿ ನಡಿಗೆಯಲ್ಲಿ ಇಳಿದವು; ಗುಂಪುಗಳು ಚಿಕ್ಕವಾಗಿದ್ದವೆಂಬುದನ್ನು ಮರೆಯಬಾರದಷ್ಟೆ. ಇದಕ್ಕೆ ಯಂತ್ರ ಬೇಡ, ಶುಲ್ಕ ಬೇಡ. ಮಂಡಿ ನೋವಿನವರಿಗೂ ಹಾರಿ ಕುಪ್ಪಳಿಸುವ ಬರ್ಪೀಗಿಂತ ಇದು ಸಹ್ಯ. ಮೂರು ನಾಲ್ಕು ತಿಂಗಳಲ್ಲಿ ಇದು ಸುಲಭವೆನಿಸಿದ ಆರೋಗ್ಯವಂತರು, ಸ್ಥಿರ ಸೈಕಲ್ಲಿನ ಮೇಲೋ ಏರುದಾರಿಯಲ್ಲೋ ಒಂದು ನಿಮಿಷ ಬಿರುಸು ಒಂದು ನಿಮಿಷ ಹಗುರ ಎಂಬಂತೆ ಹತ್ತು ಸರದಿಗೋ ಟ್ರೋಂಡ್‌ಹೈಮಿನ ನಾಲ್ಕು ನಿಮಿಷದ ಸರದಿಗೋ ಏರಬಹುದು. ಆದರೆ ವಾರಕ್ಕೆ ಎರಡು ಮೂರು ದಿನಕ್ಕಿಂತ ಹೆಚ್ಚು ಬೇಡ. ಉಳಿದ ದಿನಗಳಲ್ಲಿ ಸಾಮಾನ್ಯ ನಡಿಗೆಯೂ, ಗರಡಿಮನೆಯ ಹಳೆಯ ದಂಡ ಬಸ್ಕಿಗಳೂ ಇರಲಿ. ತೂಕ ಇಳಿಯುವಾಗ ಬೊಜ್ಜಿನೊಡನೆ ಸ್ನಾಯುವೂ ಕರಗದಂತೆ ತಡೆಯುವುದು ಅಂಥ ಬಲಸಾಧನೆ ಮತ್ತು ಊಟದಲ್ಲಿನ ಬೇಳೆಕಾಳು, ಮೊಸರು, ಮೊಟ್ಟೆ. ಸರ್ವಶಕ್ತಿಯ ಇಪ್ಪತ್ತು ಸೆಕೆಂಡುಗಳನ್ನು ಯುವಕರಿಗೂ ಕ್ರೀಡಾಪಟುಗಳಿಗೂ ಬಿಟ್ಟುಕೊಡೋಣ.

ನಲವತ್ತು ದಾಟಿದವರು, ಸಕ್ಕರೆ ಕಾಯಿಲೆಯವರು, ರಕ್ತದೊತ್ತಡವುಳ್ಳವರು, ಧೂಮಪಾನಿಗಳು, ಮನೆತನದಲ್ಲಿ ಎಳೆಯ ವಯಸ್ಸಿನ ಹೃದಯಾಘಾತವನ್ನು ಕಂಡವರು ಬಿರುಸಿಗೆ ಇಳಿಯುವ ಮುನ್ನ ವೈದ್ಯರನ್ನು ಕಾಣಿರಿ. ನಡೆಯುವಾಗ ಎದೆ ಬಿಗಿದರೆ ಅಂದಿನ ಸರದಿಯನ್ನು ಮುಗಿಸುವ ಹಠ ಹಿಡಿಯದೆ ಅಲ್ಲಿಯೇ ನಿಲ್ಲಿರಿ. ಹನ್ನೆರಡು ವಾರವಾದ ಮೇಲೆ ಸೊಂಟವನ್ನು ಟೇಪಿನಿಂದ ಅಳೆಯಿರಿ. ಅದು ಇಳಿದಿರದಿದ್ದರೆ, ಸರದಿಗಳನ್ನು ಹೆಚ್ಚಿಸುವ ಮೊದಲು, ದಯವಿಟ್ಟು ಎಲೆಯ ಮೇಲೆ ಏನು ಬೀಳುತ್ತಿದೆಯೆಂಬುದನ್ನು ಒಂದು ವಾರ ಬರೆದಿಟ್ಟು ನೋಡಿರಿ.